ನೀಲಿಯ ಅಂಚು

ಫೆಬ್ರವರಿ 3, ಸೋಮವಾರ

ಆಯಾಸ: ಇಲ್ಲ. ಉಸಿರು: ಸರಿಯಾಗಿದೆ. ನಿದ್ದೆ: ಬಂತು.

ಹೃದಯದ ಡಾಕ್ಟರಮ್ಮ ಈ ನೋಟ್‌ಬುಕ್ ಕೈಗೆ ಕೊಟ್ಟು, ದಿನಾ ಈ ಮೂರನ್ನು ಬರೆಯಬೇಕು, ಮುಂದಿನ ಸಲ ತಂದು ತೋರಿಸಬೇಕು ಎಂದಿದ್ದರು. ಬರೆದಾಯಿತು. ಉಳಿದ ಪುಟ ನನ್ನದು. ಇದನ್ನು ಯಾರಿಗೂ ತೋರಿಸುವವಳಲ್ಲ ನಾನು. ಅವರಿಗೆ ಬೇಕಾದರೆ ಬೇರೆ ಹಾಳೆಯಲ್ಲಿ ಮೂರು ಸಾಲು ನಕಲು ಮಾಡಿ ಕೊಟ್ಟರಾಯಿತು.

ಅದು ಆಗಿ ಏಳು ವಾರದ ಮೇಲೆ ಇವತ್ತು ಲ್ಯಾಬಿಗೆ ಹೋದೆ. ಲಿಫ್ಟ್ ಕೆಟ್ಟಿದೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕೆಟ್ಟೇ ಇತ್ತಂತೆ, ನನಗಿಂತ ಅದೇ ಹೆಚ್ಚು ರಜೆ ತೆಗೆದುಕೊಂಡಿದೆ. ಮೂರು ಮಹಡಿ ಹತ್ತಿದೆ. ಎಲ್ಲೂ ನಿಲ್ಲಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ನೋಟಿಸ್ ಬೋರ್ಡ್ ಓದಿದೆ, ಅಷ್ಟೇ. ಯಾರದೋ ಕಂದು ಹಿಡಿಯ ಕೊಡೆ ಕಳೆದುಹೋಗಿದೆಯಂತೆ. ಸಿಕ್ಕವರು ದಯವಿಟ್ಟು ಮೊದಲನೇ ಮಹಡಿಗೆ ತಲುಪಿಸಬೇಕಂತೆ.

ಒಳಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತರು. ನಾನೇನು ಹೆಣವೇ? ಲ್ಯಾಬಿನ ಮುಖ್ಯಸ್ಥರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಅವರು ತಮ್ಮ ಕೋಣೆಗೆ ಕರೆದು, ಕುರ್ಚಿ ಎಳೆದು ಕೊಟ್ಟು, ದನಿ ತಗ್ಗಿಸಿ ಹೇಳಿದರು: "ಕೆಳಗಡೆ ರೆಕಾರ್ಡ್ ರೂಮಲ್ಲಿ ಒಂದು ಟೇಬಲ್ ಹಾಕ್ಸಿದೀನಮ್ಮಾ. ಮೆಟ್ಟಿಲೇ ಹತ್ತೋದು ಬೇಡ. ಹಾಯಾಗಿ ಕೂತ್ಕೊಂಡು ಫೈಲ್ ನೋಡ್ಕೊಳ್ಳಿ."

"ಫೈಲ್ ನೋಡ್ಕೊಳ್ಳೋಕೆ ಗೆದ್ದಲು ಇದೆಯಲ್ಲ ಸಾರ್, ನಾನ್ಯಾಕೆ?" ಎಂದೆ.

ಹತ್ತೊಂಬತ್ತು ವರ್ಷದಿಂದ ಇಲಿಗಳ ಹೃದಯವನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೋಳು ಮಾಡಿ, ಬಣ್ಣ ಹಾಕಿ, ಅದರಲ್ಲಿ ಎಷ್ಟು ಪಾಲು ಸತ್ತಿದೆ ಎಂದು ಅಳೆಯುತ್ತ ಬಂದವಳು ನಾನು. ಕಿಟಕಿಯ ಪಕ್ಕದ ಆ ಕುರ್ಚಿಯ ಮೆತ್ತೆಯ ಮೇಲೆ ನನ್ನ ಅಚ್ಚೇ ಬಿದ್ದಿದೆ. ಅದನ್ನು ಬಿಟ್ಟು ನೆಲಮಹಡಿಗೆ ಇಳಿಯಬೇಕೇ? ಸಿಟ್ಟು ನೆತ್ತಿಗೇರಿತು. "ಹಳೇ ಸ್ಲೈಡ್ ಹತ್ತು ತೆಗೀರಿ. ಈಗಲೇ ಅಳೀತೀನಿ. ಹಳೇ ಅಂಕಿಗೂ ಇವತ್ತಿನದಕ್ಕೂ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ನಾನೇ ಚೀಲ ಎತ್ಕೊಂಡು ಕೆಳಗೆ ಹೋಗ್ತೀನಿ" ಎಂದೆ.

ಹತ್ತಕ್ಕೆ ಹತ್ತೂ ಹೊಂದಿತು. ಮೇಷ್ಟ್ರು ತಲೆ ಕೆರೆದುಕೊಂಡರು. ನಾನು ನನ್ನ ಕುರ್ಚಿಗೆ ಹೋಗಿ ಕೂತೆ.

ಫೆಬ್ರವರಿ 5, ಬುಧವಾರ

ಆಯಾಸ: ಇಲ್ಲ. ಉಸಿರು, ನಿದ್ದೆ: ಸರಿ.

ಇವರು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವರು. ಇವರ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕ್ ಇದ್ದರೆ ಇವರ ಕಾಲ ಬಳಿಯೂ ಒಂದಿದೆ. ಇಪ್ಪತ್ತೈದು ವರ್ಷದ ಅಭ್ಯಾಸ, ಈಗ ನನ್ನ ಪಕ್ಕದಲ್ಲಿ ನಡೆಯುವಾಗಲೂ ಬಲಗಾಲು ನೆಲವನ್ನು ಒತ್ತುತ್ತದೆ. ಬೆಳಿಗ್ಗೆ ಬಸ್ ಸ್ಟಾಪಿನವರೆಗೆ ಹಾಗೇ ಬ್ರೇಕ್ ಒತ್ತುತ್ತ ಬಂದರು. ಚೀಲ ಕಿತ್ತುಕೊಳ್ಳಲು ನೋಡಿದರು, ಕೊಡಲಿಲ್ಲ. "ರೀ, ನಾನು ನಿಮ್ಮ ಶಿಷ್ಯೆಯಲ್ಲ. ಮನೆಗೆ ಹೋಗಿ" ಎಂದು ಬಸ್ ಹತ್ತಿದೆ.

ಈಗಿನ ಕೆಲಸ ಗುಬ್ಬಿಯದು. ಗುಬ್ಬಿ ನಮ್ಮ ಸಂಶೋಧನಾ ವಿದ್ಯಾರ್ಥಿನಿ. ಮಾತು, ಊಟ ಎಲ್ಲವೂ ಕುಕ್ಕಿ ಕುಕ್ಕಿ, ಅದಕ್ಕೇ ಆ ಹೆಸರು. ಅವಳು ನಲವತ್ತು ಇಲಿಗಳ ಹೃದಯದ ಒಂದೊಂದು ರಕ್ತನಾಳವನ್ನು ದಾರದಿಂದ ಕಟ್ಟಿದ್ದಾಳೆ. ರಕ್ತ ಸಿಗದ ಭಾಗ ಸಾಯತೊಡಗುತ್ತದೆ. ಸಾಯುತ್ತಿರುವ ಭಾಗಕ್ಕೆ ಮಾತ್ರ ಅಂಟಿಕೊಂಡು ಹಸಿರಾಗಿ ಹೊಳೆಯುವ ಒಂದು ಬಣ್ಣ ನಮ್ಮ ಲ್ಯಾಬಿನದು. ಎರಡು ಗಂಟೆಯೊಳಗೆ ಎಲ್ಲಿ ಹಾನಿಯಾಗಿದೆ ಎಂದು ತೋರಿಸಿಬಿಡುತ್ತದೆ. ಆ ಹಸಿರಿನ ಅಂಚಿನಲ್ಲಿ ಇಪ್ಪತ್ತು ಇಲಿಗಳಿಗೆ ಸೂಜಿಯಿಂದ ಒಂದು ಹೊಸ ಜೆಲ್ ಹಾಕಿದ್ದಾಳೆ. ಅದು ಹೃದಯವನ್ನು ರಿಪೇರಿ ಮಾಡುತ್ತದೆ ಎಂಬ ಆಸೆ. ಉಳಿದ ಇಪ್ಪತ್ತಕ್ಕೆ ಬರೀ ಉಪ್ಪುನೀರು. ಆರು ವಾರ ಕಳೆದ ಮೇಲೆ ಹೃದಯಗಳು ನನ್ನ ಕೈಗೆ ಬರುತ್ತವೆ. ನಾನು ಹಾಕುವ ಬಣ್ಣದಲ್ಲಿ ಬದುಕಿರುವ ಮಾಂಸ ಕೆಂಪು, ಗಾಯ ಮಾಯ್ದು ಗಟ್ಟಿಯಾದ ಕಲೆ ನೀಲಿ. ಪರದೆಯ ಮೇಲೆ ಪೆನ್ನು ಹಿಡಿದು ನೀಲಿಯ ಅಂಚಿನುದ್ದಕ್ಕೂ ಗೆರೆ ಎಳೆದರೆ ನೂರಕ್ಕೆ ಎಷ್ಟು ಪಾಲು ಎಂದು ಕಂಪ್ಯೂಟರ್ ಹೇಳುತ್ತದೆ.

ಯಾವ ಹೃದಯಕ್ಕೆ ಜೆಲ್, ಯಾವುದಕ್ಕೆ ನೀರು ಎಂದು ನನಗೆ ಗೊತ್ತಾಗಕೂಡದು. ಸ್ಲೈಡಿನ ಮೇಲೆ ಬರೀ ಸಂಖ್ಯೆ. ಪಟ್ಟಿ ಮೇಷ್ಟ್ರ ಡ್ರಾಯರಿನಲ್ಲಿ ಲಕೋಟೆಯೊಳಗಿದೆ. ಗೊತ್ತಾದರೆ ಕಣ್ಣು ಪಕ್ಷ ವಹಿಸುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು ನಾನೇ. ಕೆಂಪು ಮುಗಿದು ನೀಲಿ ಶುರುವಾಗುವಲ್ಲಿ, ಪರದೆಯ ಮೇಲೆ ಕಿರುಬೆರಳ ಅಗಲದ ನೇರಳೆ ಪಟ್ಟಿ ಇರುತ್ತದೆ. ಅದು ಬದುಕಿದೆಯೋ ಸತ್ತಿದೆಯೋ ಎಂದು ತೀರ್ಮಾನಿಸುವುದು ಗೆರೆ ಎಳೆಯುವ ಕೈ.

ಫೆಬ್ರವರಿ 11, ಮಂಗಳವಾರ

ಆಯಾಸ: ಇಲ್ಲ. ಉಸಿರು: ಸರಿ. ನಿದ್ದೆ: ಹೇಗೋ.

ಕೆಲವು ಹೋಳುಗಳಲ್ಲಿ, ನೀಲಿಯ ಪಕ್ಕದ ಕೆಂಪಿನಲ್ಲಿ, ಸಣ್ಣ ಸಣ್ಣ ಬಿಳಿ ತೂತುಗಳು ಕಾಣುತ್ತಿವೆ. ಸೂಜಿಮೊನೆಯಷ್ಟು, ನಾಲ್ಕೋ ಐದೋ ಒಟ್ಟಿಗೆ. ಮೇಣದ ಗುಳ್ಳೆಯಿರಬೇಕು.

ಇವತ್ತಿನ ಹೃದಯಗಳು ಚೆನ್ನಾಗಿದ್ದವು. ಕೆಲವದರಲ್ಲಂತೂ ನೀಲಿ ಎಷ್ಟು ಸಣ್ಣದು! ಖುಷಿಯಾಗಿ ಗುಬ್ಬಿಗೆ ಒಂದು ಬಿಸ್ಕತ್ತು ಕೊಟ್ಟೆ. ಅರ್ಧ ತಿಂದು ಅರ್ಧ ಜೇಬಿಗೆ ಹಾಕಿಕೊಂಡಳು.

ಫೆಬ್ರವರಿ 12

ಇಲ್ಲ. ಸರಿ. ಸರಿ.

ಮೇಣದಲ್ಲಿ ಗುಳ್ಳೆ ಬೀಳುವುದು ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಎಂದು ಯಾರಾದರೂ ಕೇಳಿದರೆ, ಒಂದು ಸಲವೂ ಇಲ್ಲ. ಆದರೆ ಯಾರೂ ಕೇಳಲಿಲ್ಲ.

ಫೆಬ್ರವರಿ 19, ಬುಧವಾರ

ಆಯಾಸವೆಂಬ ಮಾತೇ ಇಲ್ಲ!

ಅರ್ಧ ಕೆಲಸ ಮುಗಿದಿದೆ. ಮೇಷ್ಟ್ರಿಗೆ ತಾಳ್ಮೆ ಸಾಲದೆ ಲಕೋಟೆ ಒಡೆದು, ತಾವೊಬ್ಬರೇ ಕೂತು ಲೆಕ್ಕ ಹಾಕಿದರು. ಹೊರಗೆ ಬಂದಾಗ ಕನ್ನಡಕ ಹಣೆಯ ಮೇಲಿತ್ತು. ನೀರು ಹಾಕಿದ ಹೃದಯಗಳಲ್ಲಿ ಕಲೆ ನೂರಕ್ಕೆ ಮೂವತ್ತೊಂದು ಪಾಲು, ಜೆಲ್ ಹಾಕಿದವುಗಳಲ್ಲಿ ಇಪ್ಪತ್ಮೂರು! ಗುಬ್ಬಿ ನನ್ನನ್ನು ಅಪ್ಪಿಕೊಂಡಳು. ಎದೆ ಒತ್ತೀತೆಂದು ಗಾಬರಿಯಾಗಿ ಬಿಟ್ಟಳು. "ಗಟ್ಟಿಯಾಗೇ ಹಿಡ್ಕೊಳ್ಳೇ, ನಾನೇನು ಗಾಜಲ್ಲ" ಎಂದೆ. ಮಾರ್ಚ್ ಹದಿನಾಲ್ಕಕ್ಕೆ ಹೊರಗಿನ ಸಮಿತಿ ಬರುತ್ತದೆ. ಈ ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವವರು ಅವರು. ಗುಬ್ಬಿಯ ನಾಲ್ಕು ವರ್ಷ, ಅವಳ ಡಿಗ್ರಿ, ಎಲ್ಲ ಅದರ ಮೇಲೇ ನಿಂತಿದೆ.

ಮನೆಗೆ ಬಂದು ಇದನ್ನು ಹೇಳಿದೆ. ಇವರು ಕೇಳಿದರು. ಅತ್ತೆ ಕೇಳಿದರು. ಎಂಬತ್ಮೂರು ವರ್ಷ, ಒಂದು ದಿನ ಮಾತ್ರೆ ನುಂಗಿದವರಲ್ಲ, ನಾನು ಆಸ್ಪತ್ರೆಯಲ್ಲಿದ್ದಾಗ "ಸೊಸೆ ನನಗಿಂತ ಮುಂಚೆ ಹೋಗೋದು ಎಲ್ಲಾದ್ರೂ ಉಂಟೇ, ಸರದಿ ಅಂತ ಒಂದಿಲ್ವಾ" ಎಂದು ನರ್ಸ್ ಜೊತೆ ಜಗಳಕ್ಕೆ ಬಿದ್ದವರು.

"ಅಂದ್ರೆ ಒಳಗಿನ ಕಲೆ ಹೋಗುತ್ತೇನೇ?" ಎಂದರು.

"ಇಲಿಗೆ ಕಮ್ಮಿಯಾಗಿದೆ ಅತ್ತೆ."

"ಇಲಿಗೆ ಆದ್ರೆ ನಿನಗಾಗಲ್ವಾ? ನೀನೇನು ಇಲಿಗಿಂತ ಕಮ್ಮೀನಾ?"

ಮೂವರೂ ನಕ್ಕೆವು. ಹೋದ ತಿಂಗಳ ಸ್ಕ್ಯಾನಿನ ರಿಪೋರ್ಟು ಬೀರುವಿನಲ್ಲಿ ಬಟ್ಟೆಯ ಕೆಳಗಿದೆ, ಲಕೋಟೆ ಒಡೆದಿಲ್ಲ. ಸ್ಕ್ಯಾನ್ ಮಾಡುವಾಗಲೂ ನಾನು ಗೋಡೆಯ ಕಡೆಗೇ ಮುಖ ಮಾಡಿದ್ದೆ. ನೋಡಿ ಆಗಬೇಕಾದ್ದೇನು? ಅದರಲ್ಲಿ ಏನೇ ಇದ್ದರೂ ನಾಲ್ಕು ವರ್ಷವೋ ಐದು ವರ್ಷವೋ, ಜೆಲ್ ಮನುಷ್ಯರಿಗೂ ಬರುತ್ತದೆ.

ಫೆಬ್ರವರಿ 20, ಗುರುವಾರ

ಇಲ್ಲ. ಸರಿ. ಸರಿ.

ಇವರು ಹೇಳದೆ ಕೇಳದೆ ನನ್ನ ಚೀಲದಿಂದ ಊಟದ ಡಬ್ಬಿ, ನೀರಿನ ಬಾಟಲಿ ತೆಗೆದು ತಾವೇ ಹೊತ್ತು ಲ್ಯಾಬಿನ ಮೂರನೇ ಮಹಡಿಯವರೆಗೆ ಬಂದರು. ಎಲ್ಲರ ಎದುರು! ನಾಚಿಕೆಯಿಂದ ಸತ್ತೇ ಹೋದೆ. ಮನೆಗೆ ಬಂದು ಕೂಗಾಡಿದೆ. ಇವರು ಹೋಗಿ ಪಾತ್ರೆ ತೊಳೆದರು. ಅದು ಇನ್ನೂ ಸಿಟ್ಟು ತರಿಸಿತು.

ಕೊಡೆ ಇನ್ನೂ ಸಿಕ್ಕಿಲ್ಲ. ಆ ನೋಟಿಸು ಈಗ ನನಗೆ ಬಾಯಿಪಾಠವಾಗಿದೆ.

ಫೆಬ್ರವರಿ 27, ಗುರುವಾರ

ಇವತ್ತು ಆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಸ್ಲೈಡ್ 241 ಪರದೆಗೆ ಬಂತು. ಅಳೆದೆ, 23. ಗೆರೆ ಮುಗಿಸಿ ಪೆನ್ನು ಕೆಳಗಿಡುವಾಗ ಹೋಳಿನ ಮೇಲೆ ಓರೆಯಾಗಿ ಒಂದು ಗೀರು ಕಂಡಿತು. ಆ ಗೀರು ನನಗೆ ಗೊತ್ತು. ಹದಿನೈದು ದಿನದ ಹಿಂದೆ ನನ್ನ ಯಂತ್ರದ ಅಲಗಿಗೆ ಒಂದು ಹಲ್ಲು ಬಿದ್ದಿತ್ತು. ಒಂದೇ ಒಂದು ಹೋಳು ಕತ್ತರಿಸುವಷ್ಟರಲ್ಲಿ ನೋಡಿ ಅಲಗು ಬದಲಿಸಿದ್ದೆ. ಪುಸ್ತಕದಲ್ಲಿ ಬರೆದೂ ಇದ್ದೆ: ಸ್ಲೈಡ್ 86, ಅಲಗಿನ ಗೀರು. ಹಾಗಾದರೆ 241ರಲ್ಲಿ ಅದು ಹೇಗೆ ಬಂತು?

ಗುಬ್ಬಿಯನ್ನು ಕೇಳಿದೆ. ಅವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಅಕ್ಕಾ! 86ರಲ್ಲಿ ಮುಚ್ಚುಗಾಜಿನ ಕೆಳಗೆ ಗಾಳಿಗುಳ್ಳೆ ಇತ್ತು, ಚೆನ್ನಾಗಿ ಕಾಣ್ತಿರಲಿಲ್ಲ. ಗಾಜು ತೆಗ್ದು ಹೊಸದಾಗಿ ಕೂರಿಸ್ದೆ. ಚೀಟಿ ಅಂಟಿಸೋವಾಗ ಹಳೇ ಸಂಖ್ಯೆ ಹಾಕೋ ಬದ್ಲು ಪಟ್ಟೀಲಿ ಮುಂದೆ ಖಾಲಿ ಇದ್ದ ಸಂಖ್ಯೆ ಹಾಕ್ಬಿಟ್ಟೆ ಅನ್ಸುತ್ತೆ."

ಅಂದರೆ ಎರಡೂ ಒಂದೇ ಹೋಳು. ಅದೇ ಗಾಜು, ಅದೇ ಹೃದಯ. 86ರ ಅಂಕಿ ತೆಗೆದು ನೋಡಿದೆ. ಮೂವತ್ತೊಂದು.

86ರ ಫೋಟೋ ಕಂಪ್ಯೂಟರಿನಲ್ಲಿತ್ತು. ಗಾಳಿಗುಳ್ಳೆ ಎಲ್ಲಿ ಬಿದ್ದಿತ್ತೆಂದರೆ, ಸರಿಯಾಗಿ ಆ ಬಿಳಿ ತೂತುಗಳ ಮೇಲೆ. ಅವು ಮುಚ್ಚಿದ್ದಾಗ ನಾನು 31 ಎಂದೆ. ಅವು ಕಂಡಾಗ 23 ಎಂದೆ. ಹೃದಯ ಬದಲಾಗಿಲ್ಲ. ಕೈ ಬದಲಾಗಿದೆ.

ಪೆನ್ನು ಹಿಡಿದು 86ರ ಫೋಟೋವನ್ನೇ ಮತ್ತೆ ಅಳೆದೆ, ಬಹಳ ಎಚ್ಚರದಿಂದ. ಇಪ್ಪತ್ನಾಲ್ಕು ಬಂತು. ಗೊತ್ತಾದ ಮೇಲೆ ಗುಳ್ಳೆ ಅಡ್ಡ ಇದ್ದರೂ ಕೈ ನೀಲಿಯ ಒಳಗೊಳಗೇ ಹೋಯಿತು. ನೇರಳೆ ಪಟ್ಟಿಯನ್ನೆಲ್ಲ ಬದುಕಿದವರ ಕಡೆಗೆ ಬಿಟ್ಟುಕೊಟ್ಟಿತ್ತು.

ತೂತುಗಳು ಜೆಲ್ಲಿನ ಗುರುತು, ಉಪ್ಪುನೀರು ಇಂಥ ತೂತು ಬಿಡುವುದಿಲ್ಲ. ನನಗೆ ಹನ್ನೊಂದನೇ ತಾರೀಖೇ ಗೊತ್ತಿತ್ತು.

ಫೆಬ್ರವರಿ 28

ಇಲ್ಲ ಇಲ್ಲ ಇಲ್ಲ.

ಮಾರ್ಚ್ 2, ಭಾನುವಾರ

ಮೂರು ದಿನದಿಂದ ಒಬ್ಬಳೇ ವಾದ ಮಾಡುತ್ತಿದ್ದೇನೆ. ಗುಬ್ಬಿಗೆ ಸಂಖ್ಯೆ ತಪ್ಪಿದ್ದು ಗೊತ್ತೇ ಹೊರತು ಅಂಕಿ ತಪ್ಪಿದ್ದು ಗೊತ್ತಿಲ್ಲ. 241 ಅನ್ನು ಪಟ್ಟಿಯಿಂದ ತೆಗೆದರೆ ಮುಗಿಯಿತು. ಹೇಳಿದರೆ ಅವಳ ನಾಲ್ಕು ವರ್ಷ ನೀರುಪಾಲು. ಹೇಳಿದರೆ ಮೇಷ್ಟ್ರು ರೆಕಾರ್ಡ್ ರೂಮಿನ ಬೀಗದ ಕೈ ಕೊಡುತ್ತಾರೆ, ಆಗ ನಾನು ಏನೆಂದು ಜಗಳವಾಡಲಿ? ಹತ್ತಕ್ಕೆ ಹತ್ತು ಹೊಂದಿಸಿ ಎದೆ ಸೆಟೆಸಿದವಳು ನಾನೇ. ಆ ಹತ್ತರಲ್ಲಿ ನನಗೆ ಬೇಕಾದ್ದು ಏನೂ ಇರಲಿಲ್ಲ, ಅದಕ್ಕೇ ಹೊಂದಿತು. ಇಲ್ಲಿ ಇದೆ. ಈ ಜೆಲ್ ಕೆಲಸ ಮಾಡಲೇಬೇಕು ಎಂದು ಲೋಕದಲ್ಲಿ ನನ್ನಷ್ಟು ಆಸೆಪಟ್ಟವರು ಯಾರಿದ್ದಾರೆ? ಆಸೆಪಟ್ಟಿದ್ದು ತಪ್ಪೇ? ಆಸೆಪಟ್ಟದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ!

ಮಧ್ಯಾಹ್ನ ಊಟಕ್ಕೆ ಕೂತಾಗ ಇವರ ಫೋನಿಗೆ ಯಾರೋ ಕೂಗಾಡಿದರು. ಇವರ ಶಿಷ್ಯನ ಅಪ್ಪ. ಮಗನಿಗೆ ಕಲಿತಾಯಿತು ಎಂದು ಸಹಿ ಹಾಕಿಕೊಡಲು ಇವರು ಒಪ್ಪುತ್ತಿಲ್ಲವಂತೆ.

"ಹಾಕ್ಬಿಡಬಾರ್ದೇನೋ? ಪಾಪದ ಹುಡುಗ" ಎಂದರು ಅತ್ತೆ.

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಪಾಪದವನೇ ಅಮ್ಮಾ. ಹದಿನೈದು ದಿನದಿಂದ ಎಲ್ಲೂ ಗುದ್ದಿಲ್ಲ. ಯಾಕೆ ಗೊತ್ತಾ? ನನ್ನ ಕಾಲು ಬ್ರೇಕ್ ಒತ್ತುತ್ತಾ ಇತ್ತು. ಅವನಿಗೆ ಗೊತ್ತಿಲ್ಲ, ಎಷ್ಟೋ ಸಲ ನನಗೂ ಗೊತ್ತಾಗಲ್ಲ. ತಾನೇ ನಿಲ್ಲಿಸಿದೆ ಅಂದ್ಕೊಂಡಿದಾನೆ. ಸಹಿ ಹಾಕಿದ್ರೆ ನಾಳೆ ಒಬ್ಬನೇ ರಸ್ತೆಗೆ ಹೋಗ್ತಾನೆ."

ನಾನು ಎತ್ತಿದ ತುತ್ತನ್ನು ತಟ್ಟೆಗೇ ವಾಪಸ್ ಹಾಕಿದೆ. ಇವರು ತಟ್ಟನೆ ಎದ್ದು ನೀರು ಕೊಟ್ಟರು. "ಏನಾಯ್ತು? ನೋವಾ?"

"ನೋವಲ್ಲ. ಉಪ್ಪಿಲ್ಲದ ಊಟ ಇಳೀತಿಲ್ಲ" ಎಂದೆ.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಮೇಷ್ಟ್ರ ಕೋಣೆಗೆ ಗುಬ್ಬಿಯನ್ನೂ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಎರಡು ಫೋಟೋ ಪಕ್ಕಪಕ್ಕ ಇಟ್ಟು ಹೇಳಿದೆ. ಒಂದೇ ಹೋಳು, 31, 23. ಹೋದ ತಿಂಗಳ ಹನ್ನೊಂದನೇ ತಾರೀಖಿನಿಂದ ನಾನು ಅಳೆದದ್ದು ಯಾವುದೂ ನಂಬಲು ಯೋಗ್ಯವಲ್ಲ, ಎಲ್ಲ ತೆಗೆದುಹಾಕಿ ಎಂದೆ.

ಗುಬ್ಬಿ ಕುಕ್ಕಿ ಕುಕ್ಕಿ ಅಳತೊಡಗಿದಳು. ಮೇಷ್ಟ್ರು ಎರಡೂ ಫೋಟೋಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಸಿಡಿದರು. "ಹನ್ನೊಂದು ದಿನ ಇದೆ ಸಮಿತಿಗೆ! ಅದಕ್ಕೇ ಹೇಳಿದ್ದು ನಾನು ಮೊದಲ್ನೇ ದಿನವೇ. ಮನುಷ್ಯರಿಗೆ ಇಂಥಾದ್ದು ಆದ್ಮೇಲೆ ಈ ಕೆಲಸ ಬೇಡಮ್ಮಾ ಅಂತ. ಕೇಳಿದ್ರಾ?"

"ಕೇಳಿಲ್ಲ ಸಾರ್. ಈಗಲೂ ಕೇಳಲ್ಲ."

"ಅಂದ್ರೆ?"

"ತಪ್ಪು ಮಾಡಿದ್ದು ನಾನು. ಹಿಡಿದದ್ದು ಯಾರು? ರೆಕಾರ್ಡ್ ರೂಮ್ ಹಿಡೀತಾ? ಆ ಗೀರು ನೋಡಿ ಇದು ಯಾವ ಹೋಳು ಅಂತ ಹೇಳೋ ಕಣ್ಣು ಈ ಕಟ್ಟಡದಲ್ಲಿ ಇನ್ನೊಂದು ತೋರಿಸಿ, ನಾನೇ ಚೀಲ ಎತ್ಕೋತೀನಿ. ಲಕೋಟೆ ಅರ್ಧದಲ್ಲಿ ಒಡೆದು ಆ ಇಪ್ಪತ್ಮೂರು ಎಲ್ಲರಿಗೂ ಸಾರಿದ್ದು ಯಾರು? ಅದಕ್ಕೆ ಯಾರನ್ನ ಕೆಳಗೆ ಕಳಿಸೋಣ?"

ಇಷ್ಟು ಅನ್ನಬಾರದಿತ್ತು. ಅಂದದ್ದಕ್ಕೆ ಬೇಸರವಿಲ್ಲ. ಮೇಷ್ಟ್ರ ಮುಖ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. "ಹೇಗೆ ಸರಿ ಮಾಡೋದು, ಹೇಳಿ" ಎಂದರು.

ಅದನ್ನು ರಾತ್ರಿಯೇ ಯೋಚಿಸಿಟ್ಟಿದ್ದೆ. ಪ್ರತಿ ಫೋಟೋದಲ್ಲೂ ತೂತಿರುವ ಜಾಗಕ್ಕೆ ಪರದೆಯಲ್ಲೇ ಕಪ್ಪು ತೇಪೆ ಹಾಕಬೇಕು, ತೂತಿಲ್ಲದವಕ್ಕೂ ಅಂಥದ್ದೇ ಜಾಗದಲ್ಲಿ ಹಾಕಬೇಕು. ಅರ್ಧಕ್ಕರ್ಧ ಫೋಟೋಗಳನ್ನು ಎಡಬಲ ತಿರುಗಿಸಬೇಕು, ಹಳೆಯ ನೆನಪು ಕೆಲಸ ಮಾಡದ ಹಾಗೆ. ನಡುನಡುವೆ ನನಗೆ ಹೇಳದೆ ಮೂವತ್ತು ಫೋಟೋ ಎರಡೆರಡು ಸಲ ತೂರಿಸಬೇಕು, ನನ್ನ ಕೈಯನ್ನೇ ಪರೀಕ್ಷಿಸಲು. ಈ ತಯಾರಿಯೆಲ್ಲ ಪಕ್ಕದ ಲ್ಯಾಬಿನವರು ಮಾಡಲಿ. ಗುಬ್ಬಿಯೂ ಬೇರೆಯಾಗಿ ಅಳೆಯಲಿ. ಇಬ್ಬರ ಅಂಕಿಯೂ ಹೊಂದಿದರೆ ಮಾತ್ರ ಅಂಕಿ.

ಬಾಗಿಲ ಹೊರಗೆ ಗುಬ್ಬಿ ಕೇಳಿದಳು, "ಅಕ್ಕಾ, ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ?"

"ಇಲ್ಲ" ಎಂದೆ. ಅವಳು ಇಲಿಗಳ ಕೋಣೆಗೆ ಹೋಗಿ ಮಧ್ಯಾಹ್ನದವರೆಗೂ ಬರಲಿಲ್ಲ.

ಮಾರ್ಚ್ 7, ಶುಕ್ರವಾರ

ಆಯಾಸ: ಸ್ವಲ್ಪ. ದಿನಕ್ಕೆ ಐವತ್ತು ಫೋಟೋ ಅಳೆದರೆ ಯಾರಿಗಾದರೂ ಆಗುತ್ತದೆ.

ಗುಬ್ಬಿ ನಾಲ್ಕು ದಿನದ ಮೇಲೆ ನನ್ನ ಪಕ್ಕ ಕೂತು ಊಟ ಮಾಡಿದಳು. ಏನೋ ಕೇಳಬೇಕೆಂದು ಬಾಯಿ ತೆರೆದು ಮುಚ್ಚುತ್ತಿದ್ದಳು. "ಕೇಳೇ" ಎಂದೆ.

"ಆವತ್ತು ಏನಾಯ್ತು ಅಕ್ಕಾ? ನಿಮಗೆ ತಕ್ಷಣ ಗೊತ್ತಾಗಿರಬೇಕು ಅಲ್ವಾ, ಇದೇ ಕೆಲಸದಲ್ಲಿರೋರು."

ಹೇಳಿದೆ. ಬೆಳಿಗ್ಗೆ ಎದ್ದಾಗ ಕೆಳದವಡೆ ನೋಯುತ್ತಿತ್ತು. ಹುಳುಕು ಹಲ್ಲು ಎಂದುಕೊಂಡೆ. ಬೆನ್ನೂ ಹಿಡಿದಿತ್ತು, ಮಲಗಿದ್ದು ಸರಿಯಿಲ್ಲ ಎಂದುಕೊಂಡೆ. ಹತ್ತೊಂಬತ್ತು ವರ್ಷ ಹೃದಯಾಘಾತದ ಲ್ಯಾಬಿನಲ್ಲಿ ಕೂತ ಮಹಾತಾಯಿ ನೆಟ್ಟಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಬಾಯಿ ತೆರೆದುಕೊಂಡು ಅವರ ಕುರ್ಚಿಯಲ್ಲಿ ಮಲಗಿದ್ದೆ. ಪಾಪ, ಆ ಮನುಷ್ಯ ನನ್ನ ಹಲ್ಲು ನೋಡಲಿಲ್ಲ. ಹಣೆಯ ಬೆವರು ನೋಡಿ ಆಂಬುಲೆನ್ಸ್ ಕರೆದ. ಅಷ್ಟು ಹೊತ್ತಿಗೆ ಐದು ಗಂಟೆ ಕಳೆದಿತ್ತು.

ಗುಬ್ಬಿ ನಗಬೇಕೋ ಬೇಡವೋ ಎಂದು ನೋಡಿದಳು. "ನಗೇ" ಎಂದೆ. ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅವಳು ಮೆಲ್ಲಗೆ, "ಐದು ಗಂಟೆ. ನಮ್ಮ ಹಸಿರು ಬಣ್ಣ ಎರಡು ಗಂಟೇಲಿ ತೋರಿಸುತ್ತೆ" ಎಂದಳು.

"ತೋರಿಸುತ್ತೆ" ಎಂದೆ.

ಮಾರ್ಚ್ 12, ಬುಧವಾರ

ಮುಗಿಯಿತು. ಗುಟ್ಟಾಗಿ ತೂರಿಸಿದ ಮೂವತ್ತರಲ್ಲಿ ನನ್ನ ಅಂಕಿಗಳು ಒಂದರೊಳಗೇ ಹೊಂದಿವೆ. ಗುಬ್ಬಿಯವೂ ನನ್ನವೂ ಎರಡರೊಳಗೆ.

ನೀರು: ಮೂವತ್ತೊಂದು. ಜೆಲ್: ಮೂವತ್ತು.

ಏನೂ ಇಲ್ಲ. ಜೆಲ್ ಏನೂ ಮಾಡಿಲ್ಲ.

ಹಸಿರು ಬಣ್ಣ ಮಾತ್ರ ನಲವತ್ತರಲ್ಲಿ ಮೂವತ್ತೆಂಟು ಸಲ ಸರಿಯಾದ ಜಾಗವನ್ನೇ ತೋರಿಸಿದೆ. ಎರಡು ಗಂಟೆಯೊಳಗೆ ಹೊಳೆದ ಹಸಿರು ಎಲ್ಲಿತ್ತೋ ಆರು ವಾರದ ಮೇಲೆ ನೀಲಿ ಅಲ್ಲೇ ಇದೆ. ಇದನ್ನು ಇಲ್ಲಿಯವರೆಗೆ ಯಾರೂ ಕೂಡಿಸಿ ನೋಡಿರಲಿಲ್ಲ, ಎಲ್ಲರ ಕಣ್ಣೂ ಜೆಲ್ಲಿನ ಮೇಲೇ ಇತ್ತು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಅಳುವುದರಲ್ಲಿ ಮುಚ್ಚುಮರೆ ಏನು, ನನಗೆ ಆ ಜೆಲ್ ಬೇಕಿತ್ತು.

ಮಾರ್ಚ್ 14, ಶುಕ್ರವಾರ

ಸಮಿತಿಯವರು ಐದು ಜನ. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು, ಲಕೋಟೆ ಒಡೆದದ್ದನ್ನೂ ಬಿಡಲಿಲ್ಲ. ಒಬ್ಬ ಬಿಳಿ ಗಡ್ಡದವರು ಕೇಳಿದರು: "ಮೊದಲ ಸಲದ ಅಳತೆ ತಪ್ಪಿತು ಅಂತೀರಿ. ಯಾರು ಅಳೆದದ್ದು?"

ನಾನು ಗೋಡೆಯ ಪಕ್ಕ ಕೂತಿದ್ದೆ. ಎದ್ದು ನಿಂತೆ. "ನಾನು ಸಾರ್."

"ಅನುಭವ ಸಾಲದೇನೋ?"

"ಹತ್ತೊಂಬತ್ತು ವರ್ಷ ಸಾರ್. ಅನುಭವಕ್ಕೆ ಕೊರತೆ ಇರಲಿಲ್ಲ. ಡಿಸೆಂಬರಿನಲ್ಲಿ ನನಗೆ ಹೃದಯಾಘಾತ ಆಯ್ತು. ಜೆಲ್ ಹಾಕಿದ ಹೃದಯ ಯಾವುದು ಅಂತ ಕಣ್ಣಿಗೆ ಗೊತ್ತಾಯ್ತು, ಅದು ವಾಸಿಯಾಗಿದೆ ಅಂತ ಕೈ ಬರೆದುಬಿಡ್ತು. ನೀವಾಗಿದ್ರೂ ನಿಮ್ಮ ಕೈ ಹಾಗೇ ಮಾಡ್ತಿತ್ತು. ಅದಕ್ಕೇ ತೇಪೆ ಹಾಕಿ ಅಳೆದಿದೀವಿ. ನೀವೇ ಯಾವುದಾದ್ರೂ ಹತ್ತು ಫೋಟೋ ತೆಗೆದುಕೊಡಿ, ಇಲ್ಲೇ ಅಳೀತೀನಿ."

ಯಾರೂ ಕೊಡಲಿಲ್ಲ. ಒಬ್ಬಾಕೆ ಮಾತ್ರ ತಲೆ ತಗ್ಗಿಸಿ ತನ್ನ ಕಾಗದದಲ್ಲಿ ಏನೋ ಬರೆದುಕೊಂಡಳು.

ಸಂಜೆ ತೀರ್ಪು ಬಂತು. ಜೆಲ್ ನಿಲ್ಲಿಸಿ, ಅದು ಯಾಕೆ ಕೆಲಸ ಮಾಡಲಿಲ್ಲ ಎಂದು ತಿಳಿಯುವವರೆಗೆ ಬೇರೆ ಇಲಿಗಳನ್ನು ಮುಟ್ಟಬೇಡಿ. ಹಸಿರು ಬಣ್ಣದ ಕೆಲಸ ಮುಂದುವರಿಯಲಿ. ಗುಬ್ಬಿಯ ಡಿಗ್ರಿ ಒಂದು ವರ್ಷ ತಡ. ಅವಳು ಲೆಕ್ಕ ಹಾಕಿ, "ಮದುವೆ ವಿಷಯ ಎತ್ತೋಕೆ ಮನೇಲಿ ಇನ್ನೊಂದು ವರ್ಷ ಆಗಲ್ಲ ಬಿಡಿ" ಎಂದಳು. ಆದರೆ ಮುಖ ಬಾಡಿತ್ತು. ಆ ಒಂದು ವರ್ಷ ನನ್ನ ತಲೆಯ ಮೇಲಿದೆ. ಅದನ್ನು ಇಳಿಸಿಕೊಳ್ಳುವ ದಾರಿ ಗೊತ್ತಿಲ್ಲ. ಅವಳ ಹೋಳುಗಳನ್ನೆಲ್ಲ ನಾನೇ ಕತ್ತರಿಸಿಕೊಡುತ್ತೇನೆ ಎಂದಿದ್ದೇನೆ.

ಮಾರ್ಚ್ 21, ಶುಕ್ರವಾರ

ಇವತ್ತು ನನ್ನ ಸ್ಕ್ಯಾನ್. ಹೋಗುವ ಮುಂಚೆ ಬಟ್ಟೆಯ ಕೆಳಗಿನ ಹಳೆಯ ಲಕೋಟೆ ತೆಗೆದು ಒಡೆದೆ. ಇವರು ಬಾಗಿಲಲ್ಲಿ ನಿಂತಿದ್ದರು, ಬಲಗಾಲು ನೆಲ ಒತ್ತುತ್ತಿತ್ತು. ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುವ ರಕ್ತ, ನೂರಕ್ಕೆ ಮೂವತ್ತೆಂಟು. ಆರೋಗ್ಯವಂತರದ್ದು ಅರವತ್ತರ ಆಚೀಚೆ ಇರುತ್ತದೆ. ಇವರಿಗೆ ಓದಿ ಹೇಳಿದೆ. ತಪ್ಪು ಓದಿದೆನೇನೋ ಎಂದು ಇನ್ನೊಂದು ಸಲ ಓದಿದೆ, ಅದೇ ಇತ್ತು.

ಡಾಕ್ಟರಮ್ಮನ ಕೋಣೆಯಲ್ಲಿ ಮಲಗಿ, ಪರದೆ ನನ್ನ ಕಡೆ ತಿರುಗಿಸಿ ಎಂದೆ. ನನ್ನ ಹೃದಯವನ್ನು ಮೊದಲ ಸಲ ನೋಡಿದೆ. ಇಲಿಯದರಂತೆಯೇ ಇದೆ, ದೊಡ್ಡದು ಅಷ್ಟೇ. ಒಂದು ಗೋಡೆ ಕುಣಿಯುತ್ತದೆ, ಇನ್ನೊಂದು ಸುಮ್ಮನೆ ನಿಂತಿದೆ. ಡಾಕ್ಟರಮ್ಮ ಅಂಚಿಗೆ ಗೆರೆ ಎಳೆದು ಮುಗುಳ್ನಕ್ಕರು.

"ಸ್ವಲ್ಪ ಸುಧಾರಿಸಿದೆ ಅನ್ಸುತ್ತೆ. ನಲವತ್ತಮೂರು."

"ಡಾಕ್ಟ್ರೇ, ಗೆರೆ ಒಳಗೆ ಹೋಗಿದೆ" ಎಂದೆ. ಬೆರಳಿಟ್ಟು ತೋರಿಸಿದೆ. "ಇಲ್ಲಿಂದ ಇಲ್ಲಿವರೆಗೆ ಅದು ಅಲ್ಲಾಡ್ತಿಲ್ಲ. ಹಳೇ ಅಂಕಿ ನೋಡದೆ ಇನ್ನೊಂದು ಸಲ ಎಳೀರಿ. ಮೂರು ಸಲ ಎಳೀರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಮೂರು ಸಲ ಎಳೆದರು. ಮೂವತ್ತೆಂಟು. ಮೂವತ್ತೊಂಬತ್ತು. ಮೂವತ್ತೆಂಟು.

"ಸಾರಿ ಅಮ್ಮಾ" ಎಂದರು.

"ಯಾಕೆ ಸಾರಿ? ಇದ್ದಷ್ಟೇ ಇದೆ. ಕಮ್ಮಿಯಾಗಿಲ್ಲವಲ್ಲ. ಇದರಲ್ಲಿ ಏನೇನು ಮಾಡಬಹುದು ಅದನ್ನ ಹೇಳಿ."

ದಿನಚರಿ ಕೇಳಿದರು. ಮೂರು ಸಾಲು ನಕಲು ಮಾಡಿದ್ದ ಹಾಳೆ ಚೀಲದಲ್ಲಿತ್ತು. ತೆಗೆದು ನಾಲ್ಕು ಚೂರು ಮಾಡಿ ಅವರ ಕಸದ ಬುಟ್ಟಿಗೆ ಹಾಕಿದೆ. "ಅದೆಲ್ಲ ಸುಳ್ಳು ಅಂಕಿ, ಲೆಕ್ಕಕ್ಕೆ ಹಿಡೀಬೇಡಿ. ನಿಜ ಹೇಳ್ತೀನಿ, ಬರ್ಕೊಳ್ಳಿ" ಎಂದೆ. ಬಹಳ ಹೊತ್ತು ಬರೆದುಕೊಂಡರು. ಎರಡು ಮಾತ್ರೆ ಬದಲಾಯಿಸಿದರು.

ಹೊರಗೆ ಬಂದಾಗ ಇವರು ಚೀಲಕ್ಕೆ ಕೈ ಚಾಚಿದರು. ಕೊಟ್ಟೆ. ಅದರಲ್ಲಿ ಇಟ್ಟಿಗೆಯಷ್ಟು ಭಾರದ ಫೈಲುಗಳಿದ್ದವು.

ಮಾರ್ಚ್ 24, ಸೋಮವಾರ

ಲಿಫ್ಟ್ ಕೆಟ್ಟೇ ಇದೆ. ಕೆಳಗೆ ರೆಕಾರ್ಡ್ ರೂಮಿಗೆ ಹೋಗಿ, ನನಗೆಂದು ಹಾಕಿಸಿದ್ದ ಟೇಬಲ್ಲಿನ ಮುಂದಿದ್ದ ಕುರ್ಚಿಯನ್ನು ಇವರ ಕೈಲಿ ಹೊರಿಸಿ ಎರಡನೇ ಮಹಡಿಯ ತಿರುವಿಗೆ ತರಿಸಿದೆ. ನೋಟಿಸ್ ಬೋರ್ಡಿಗೆ ಬೆನ್ನು ಮಾಡಿ ಇಡಿಸಿದೆ. ಕೊಡೆಯ ವಿಷಯ ನನಗೆ ಸಾಕಾಗಿದೆ. ಇವರು ಇಳಿದು ಹೋದರು. ನಾನು ಕೂತೆ. ಒಂಬತ್ತು ಗಂಟೆ, ಎಲ್ಲರೂ ಕೆಲಸಕ್ಕೆ ಬರುವ ಹೊತ್ತು, ಇಡೀ ಕಟ್ಟಡ ನನ್ನ ಮುಂದಿನಿಂದಲೇ ಹತ್ತಿತು. ಒಬ್ಬೊಬ್ಬರಿಗೂ ನಮಸ್ಕಾರ ಹೇಳಿದೆ.

ಮೇಷ್ಟ್ರು ಏದುಸಿರು ಬಿಡುತ್ತ ಬಂದರು. "ಏನಮ್ಮಾ ಇಲ್ಲಿ?"

"ಕೂತಿದೀನಿ ಸಾರ್. ಐದು ನಿಮಿಷ ಬೇಕು. ಆಮೇಲೆ ಮೇಲೆ ಬಂದು ನನ್ನ ಕುರ್ಚೀಲಿ ಕೂರ್ತೀನಿ."

ಅವರು ಕುರ್ಚಿಯ ಕಾಲು ನೋಡಿದರು, ಅದರ ಮೇಲೆ ಬಿಳಿ ಬಣ್ಣದಲ್ಲಿ 'ರೆಕಾರ್ಡ್ ರೂಮ್' ಎಂದು ಬರೆದಿತ್ತು. ಗೋಡೆಗೆ ಕೈ ಆನಿಸಿ ನಿಂತರು. "ನೀವೆದ್ದ ಮೇಲೆ ನಾನೊಂದೆರಡು ನಿಮಿಷ ಕೂರ್ತೀನಿ" ಎಂದರು.

ಆಯಾಸ: ಇದೆ. ಉಸಿರು: ಎರಡನೇ ಮಹಡಿಯಲ್ಲಿ ಏರಿತು, ಐದು ನಿಮಿಷಕ್ಕೆ ಇಳಿಯಿತು. ನಿದ್ದೆ: ಬಂತು. ಕುರ್ಚಿ: ಈಗ ಎರಡು.